ಲಾರಿಯ ಸ್ನಾನ

ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು ಎನ್ನುತ್ತಾರೆ. ಹಾಗೆನ್ನುವವರು ಚೀಲ ಇಳಿಸಿ ಬಂದ ಲಾರಿಯ ಹಲಗೆ ಗುಡಿಸಿದವರಲ್ಲ. ಕುಪ್ಪೇಲೂರಿನ ನಮ್ಮ ಮನೆಯಂಗಳದಲ್ಲಿ ಆ ಕೆಲಸ ನನ್ನದು. ಸೀನಿ ಸೀನಿ ಗುಡಿಸಿದ ಮೇಲೆ ಗಾಲಿಗಳ ಸರದಿ. ಮಳೆಗಾಲದ ಎರೆಮಣ್ಣನ್ನು ಹಸಿಯಿರುವಾಗಲೇ ಕಮಾನ್ ಪಟ್ಟಿಗಳ ಸಂದಿಯಿಂದ ಕೆದಕಬೇಕು. ಬಿಟ್ಟರೆ ಮೇಲೆ ಕಲ್ಲಾಗಿ, ಒಳಗೆ ತೇವ ಹಿಡಿದಿಟ್ಟು ಕಬ್ಬಿಣವನ್ನು ತಿನ್ನುತ್ತದೆ. ಕೆರೆಗೆ ಒಯ್ದರೆ ಸುಲಭವಿತ್ತು. ದನ ಕುಡಿಯುವ ನೀರಿಗೆ ಎಣ್ಣೆ ಬಿಡಬಾರದೆಂದು ಅವ್ವನ ಕಟ್ಟಪ್ಪಣೆ.

ಹೋದ ವರ್ಷ ಒಂದು ನಸುಕಿನಲ್ಲಿ, ಹೊರಟುನಿಂತ ಅಪ್ಪನನ್ನು ಮೆಚ್ಚಿಸಲೆಂದು ಗಾಲಿಗಳ ಒಳಮೈಗೆಲ್ಲ ಕೊಡಗಟ್ಟಲೆ ನೀರು ಎರಚಿದೆ. ಓಣಿಯ ತಿರುವಿನಲ್ಲಿ ಎಮ್ಮೆ ಹಿಡಿದುಕೊಂಡು ಒಬ್ಬ ಹುಡುಗಿ ಬಂದಳು. ಅಪ್ಪ ಬ್ರೇಕ್ ಒತ್ತಿದರೂ ಲಾರಿ ಸಾಗುತ್ತಲೇ ಹೋಯಿತು. ನಿಂತಾಗ ಅವಳಿಗೂ ಬಂಪರಿಗೂ ನಡುವೆ ಒಂದು ಮೊಳವಿತ್ತು. ಡ್ರಮ್ಮಿನೊಳಗೆ ನೀರು ಹೋದರೆ ಲೈನರ್ ಹಿಡಿಯದು, ಮೆಲ್ಲಗೆ ಓಡಿಸುತ್ತ ಬ್ರೇಕ್ ಅದುಮಿ ಅದುಮಿ ಆರಿಸಬೇಕು ಎಂಬುದು ನನಗೆ ತಿಳಿದದ್ದು ಆಮೇಲೆ.

ಅಪ್ಪ ಬೈಯಲಿಲ್ಲ. "ತೊಳದೀನಿ ಅಂತ ಮೊದಲ ಹೇಳಬೇಕಪಾ" ಎಂದ. ಅವನ ಕೈ ನಡುಗುತ್ತಿತ್ತು.

ಈಗ ತೊಳೆದ ದಿನ ನಾನೂ ಪಕ್ಕದಲ್ಲಿ ಕೂತು ಊರ ಹೊರಗಿನವರೆಗೆ ಹೋಗುತ್ತೇನೆ. ಬ್ರೇಕ್ ಹಿಡಿಯಿತೆಂದು ಅಪ್ಪ ತಲೆಯಾಡಿಸಿದ ಮೇಲೆ ಇಳಿದು, ನಡೆದು ಮನೆಗೆ ಬರುತ್ತೇನೆ.