ಬೆನ್ನ ಮೇಲೊಂದು ಖೋ

ಚಳ್ಳಕೆರೆಯ ಕಡೆ ತಕ್ಕಡಿ ನೋಡದೆ ಬೆಳೆದ ಮಕ್ಕಳಿಲ್ಲ. ಎಣ್ಣೆ ಮಿಲ್ಲುಗಳಿಂದಾಗಿ ಎಣ್ಣೆ ನಗರ ಅಂತಲೇ ಹೆಸರಾದ ಊರು ನಮ್ಮದು. ಶೇಂಗಾ ಸುಗ್ಗಿ ಬಂತೆಂದರೆ ಮಾರುಕಟ್ಟೆಯ ಅಂಗಳದ ತುಂಬ ಚೀಲಗಳ ರಾಶಿ, ಹಮಾಲರ ಕೂಗು, ತೂಕದ ಮುಳ್ಳಿನ ಮೇಲೆ ನೆಟ್ಟ ರೈತರ ಕಣ್ಣು. ನಮ್ಮಪ್ಪ ಹಾಗೆ ಉಸಿರು ಬಿಗಿಹಿಡಿದು ನಿಂತದ್ದನ್ನು ಎಷ್ಟೋ ವರ್ಷ ಪಕ್ಕದಲ್ಲೇ ನಿಂತು ನೋಡಿದ್ದೇನೆ. ಹಾಗಾಗಿ 2012ರಲ್ಲಿ ನಾನು ಬಿ.ಎ.ಗೆ ಸೇರಿ, ಅದೇ ತಿಂಗಳು ಕಾಲೇಜಿನ ಖೋ ಖೋ ತಂಡಕ್ಕೂ ಸೇರಿದಾಗ ಅಪ್ಪ ಹೇಳಿದ ಬುದ್ಧಿಮಾತೂ ತಕ್ಕಡಿಯದೇ ಆಗಿತ್ತು.

"ಓದು ಒಂದು ತಟ್ಟೆ, ಆಟ ಒಂದು ತಟ್ಟೆ. ಎರಡೂ ಸಮ ಇರ್ಬೇಕು ಕಣವ್ವ."

ಪ್ರೀತಿಯಿಂದ ಹೇಳಿದ ಮಾತು. ಅದನ್ನು ಚಾಚೂ ತಪ್ಪದೆ ಪಾಲಿಸಲು ಹೋಗಿ ನಾನು ಒಂದೂವರೆ ವರ್ಷ ಎರಡನ್ನೂ ಕೆಡಿಸಿಕೊಂಡೆ. ಹೇಗೆಂದು ಹೇಳುವ ಮೊದಲು ನಮ್ಮ ದಿನಚರಿ ಹೇಳಬೇಕು.

ನಮ್ಮದು ತಳಕು ಹೋಬಳಿಯ ಒಂದು ಹಳ್ಳಿ. ಸಾಹಿತಿಗಳಾದ ಟಿ.ಎಸ್. ವೆಂಕಣ್ಣಯ್ಯನವರ, ತ.ರಾ.ಸು. ಅವರ ಹೆಸರಿನ ಜೊತೆ ಸೇರಿಹೋದ ಊರು ತಳಕು. "ಇಂಥಾ ಸೀಮೆಯಲ್ಲಿ ಹುಟ್ಟಿ ಪುಸ್ತಕ ಹಿಡಿಯೋದು ಬಿಟ್ಟು ಮಣ್ಣಲ್ಲಿ ಹೊರಳಾಡ್ತಾಳಲ್ಲ" ಅನ್ನುವವರು ಊರಲ್ಲಿದ್ದರು. ಹೆಣ್ಣುಮಗಳು ಟ್ರ್ಯಾಕ್ ಪ್ಯಾಂಟು ಹಾಕಿಕೊಂಡು ಓಡುವುದೇ ತಪ್ಪೆಂದವರೂ ಇದ್ದರು. ಮೊದಲ ವರ್ಷ ಬಸ್ಸಿನಲ್ಲಿ ಓಡಾಡಿದೆ. ಸಂಜೆ ಪ್ರಾಕ್ಟೀಸು ಮುಗಿಸಿ ಬಸ್ ನಿಲ್ದಾಣಕ್ಕೆ ಓಡುವುದು ಇನ್ನೊಂದು ಪ್ರಾಕ್ಟೀಸು. ಎರಡನೆಯ ವರ್ಷ ಹಾಸ್ಟೆಲ್ ಸಿಕ್ಕಿತು. ಬೆಳಿಗ್ಗೆ ಐದೂವರೆಗೆ ಮೈದಾನ, ಹತ್ತಕ್ಕೆ ಕ್ಲಾಸು, ನಾಲ್ಕೂವರೆಗೆ ಮತ್ತೆ ಮೈದಾನ.

ಮೈದಾನ ಅಂದರೆ ಕೆಂಪು ನೆಲ. ಆಷಾಢದ ಗಾಳಿಗೆ ಧೂಳೆದ್ದು ಎದುರಿನ ಕಂಬವೇ ಕಾಣುತ್ತಿರಲಿಲ್ಲ. ಆಡುವುದಕ್ಕೆ ಮೊದಲು ಎಲ್ಲರೂ ಸಾಲಾಗಿ ಬಗ್ಗಿ ಬೆಣಚುಕಲ್ಲು ಆರಿಸುತ್ತಿದ್ದೆವು. ಆಮೇಲೆ ನೀರು ಚಿಮುಕಿಸುವುದು, ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುವುದು. ರಾಜ್ಯದಲ್ಲೇ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ನಮ್ಮದೊಂದು. ಅಲ್ಲಿ ಆಟಕ್ಕೆಂದು ಒಂದು ಡ್ರಮ್ ನೀರು ಸುರಿಯುವಾಗ ಕೈ ಹಿಡಿತದಲ್ಲೇ ಇರುತ್ತಿತ್ತು. ಡೈವ್ ಹೊಡೆಯುವ ಕಂಬದ ಸುತ್ತ ಮಾತ್ರ ಚೆನ್ನಾಗಿ ನೆನೆಸುತ್ತಿದ್ದೆವು, ಮೊಣಕೈ ಕಿತ್ತುಹೋಗದಿರಲಿ ಅಂತ. ಆದರೂ ಕಿತ್ತುಹೋಗುತ್ತಿತ್ತು. ಕ್ಲಾಸಿನಲ್ಲಿ ನೋಟ್ಸ್ ಬರೆಯಲು ಮೊಣಕೈ ಊರಿದರೆ ಡೆಸ್ಕಿಗೆ ಅಂಟಿಕೊಳ್ಳುತ್ತಿತ್ತು.

ನನ್ನ ವಿಷಯಗಳು ಇತಿಹಾಸ, ಅರ್ಥಶಾಸ್ತ್ರ, ಕನ್ನಡ. ನಮ್ಮ ಕಡೆಯ ಪದವಿ ಕಾಲೇಜುಗಳೆಲ್ಲ 2009ರಲ್ಲಿ ಶುರುವಾದ ದಾವಣಗೆರೆ ವಿಶ್ವವಿದ್ಯಾಲಯಕ್ಕೆ ಸೇರಿದವು. ಸೆಮಿಸ್ಟರ್ ಪದ್ಧತಿಯಲ್ಲಿ ಕಾಲ ಹೇಗೆ ಹೊಂದಿಬರುತ್ತದೆಂದರೆ, ನಾವು ಶೇಂಗಾ ಕೀಳುವ ಅಕ್ಟೋಬರ್, ನವೆಂಬರಿನಲ್ಲೇ ಅಂತರ ಕಾಲೇಜು ಪಂದ್ಯಗಳು, ಅದರ ಬೆನ್ನಿಗೇ ಸೆಮಿಸ್ಟರ್ ಪರೀಕ್ಷೆ. ಶನಿವಾರ ಊರಿಗೆ ಹೋಗಿ ಹೊಲದಲ್ಲಿ ಬಳ್ಳಿ ಕಿತ್ತು, ಅವ್ವನ ಜೊತೆ ಕೂತು ಕಾಯಿ ಬಿಡಿಸಿ, ಸೋಮವಾರ ಬೆಳಿಗ್ಗೆ ಮಣ್ಣು ತುಂಬಿದ ಉಗುರಿನಲ್ಲೇ ಟೆಸ್ಟ್ ಬರೆದದ್ದುಂಟು.

ಮೂರನೆಯ ಸೆಮಿಸ್ಟರಿನಲ್ಲಿ ನನ್ನ ತಕ್ಕಡಿ ಮುರಿಯಿತು. ಎರಡೂ ತಟ್ಟೆ ಸಮ ಇಡಬೇಕೆಂದು ನಾನು ಆಟಕ್ಕೆ ಹೋದಾಗ ಕಿಟ್ ಬ್ಯಾಗಿನಲ್ಲಿ ಅರ್ಥಶಾಸ್ತ್ರದ ನೋಟ್ಸ್ ಇಟ್ಟುಕೊಳ್ಳುತ್ತಿದ್ದೆ. ಕ್ಲಾಸಿನಲ್ಲಿ ಕೂತಾಗ ನೋಟ್ಸಿನ ಕೊನೆಯ ಹಾಳೆಯಲ್ಲಿ ಖೋ ಖೋ ಅಂಕಣ ಬರೆದು, ಯಾರು ಯಾವ ಚೌಕದಲ್ಲಿ ಕೂರಬೇಕೆಂದು ಲೆಕ್ಕ ಹಾಕುತ್ತಿದ್ದೆ. ಅಂತರ ಕಾಲೇಜು ಪಂದ್ಯದ ಸೆಮಿಫೈನಲ್. ಕೊನೆಯ ಎರಡು ನಿಮಿಷ. ಎದುರಾಳಿಯ ಒಬ್ಬಳೇ ಓಟಗಾರ್ತಿ ಉಳಿದಿದ್ದಳು. ನಾನು ಆರನೆಯ ಚೌಕದಲ್ಲಿ ಕೂತಿದ್ದೆ. ನಾಲ್ಕು ದಿನಕ್ಕೆ ಪರೀಕ್ಷೆ, ಇನ್ನೂ ಎರಡು ಘಟಕ ತೆರೆದೇ ಇಲ್ಲ ಅನ್ನುವುದು ತಲೆಗೆ ಬಂತು. ಬೆಚ್ಚಿದವಳ ಹಾಗೆ ಎದ್ದುಬಿಟ್ಟೆ. ಬೆನ್ನಿಗೆ ಇನ್ನೂ ಕೈ ತಾಗಿರಲಿಲ್ಲ. ಅಂಪೈರ್ ವಿಸಿಲ್ ಊದಿದರು. ಫೌಲ್. ನಾನು ಮತ್ತೆ ಕೂತು, ನಮ್ಮವಳು ಮತ್ತೆ ಖೋ ಕೊಟ್ಟು, ನಾನು ಏಳುವಷ್ಟರಲ್ಲಿ ಆ ಹುಡುಗಿ ಕಂಬ ದಾಟಿ ಆಚೆ ಹೋಗಿದ್ದಳು. ಒಂದು ಅಂಕದಲ್ಲಿ ಸೋತೆವು.

ನಾಲ್ಕು ದಿನದ ಮೇಲೆ ಪರೀಕ್ಷೆಯ ಕೊಠಡಿಯಲ್ಲಿ ಕೂತಾಗ ಕಿವಿಯಲ್ಲಿ ಅದೇ ವಿಸಿಲ್. ಅರ್ಥಶಾಸ್ತ್ರದಲ್ಲಿ ಫೇಲಾದೆ.

ಆ ಜನವರಿಯಲ್ಲಿ ಆಟ ಬಿಡುತ್ತೇನೆಂದು ಹೇಳಲು ನಮ್ಮ ದೈಹಿಕ ಶಿಕ್ಷಣದ ಪಿ.ಡಿ. ಮೇಷ್ಟ್ರ ಬಳಿ ಹೋದೆ. ಅವರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮೈದಾನಕ್ಕೆ ಕರೆದುಕೊಂಡು ಹೋಗಿ ಆರನೆಯ ಚೌಕದಲ್ಲಿ ಕೂರಿಸಿದರು. "ನೀನು ಕೂತಿದ್ದಾಗ ಓಡ್ತಾ ಇದ್ದೆ, ಓಡೋವಾಗ ಕೂತಿದ್ದೆ. ಅಷ್ಟೇ ಆಗಿರೋದು ಕಣಮ್ಮ. ಕೂತಾಗ ಪೂರ್ತಿ ಕೂರು, ಎದ್ದಾಗ ಪೂರ್ತಿ ಏಳು" ಅಂದರು.

ಅವತ್ತು ರಾತ್ರಿ ಹಾಸ್ಟೆಲ್ಲಿನಲ್ಲಿ ನಿದ್ದೆ ಬಾರದೆ ಆ ಮಾತನ್ನೇ ತಿರುವಿಹಾಕಿದೆ. ಖೋ ಖೋದ ನಿಯಮ ನೋಡಿ. ಎರಡು ಕಂಬದ ನಡುವೆ ಎಂಟು ಮಂದಿ, ಒಬ್ಬಳು ಈ ಕಡೆ, ಇನ್ನೊಬ್ಬಳು ಆ ಕಡೆ ಮುಖ ಮಾಡಿ ಕೂತಿರುತ್ತಾರೆ. ಒಂಬತ್ತನೆಯವಳು ಅಟ್ಟಿಸಿಕೊಂಡು ಹೋಗುತ್ತಾಳೆ. ಹಿಡಿದ ದಿಕ್ಕಿನಲ್ಲಿ ಹೊರಟ ಮೇಲೆ ಕಂಬ ಮುಟ್ಟುವ ತನಕ ಹಿಂದೆ ತಿರುಗುವಂತಿಲ್ಲ. ನಡುವಿನ ಸಾಲು ದಾಟುವಂತಿಲ್ಲ. ತನ್ನ ಕೈಲಾಗದು ಅನ್ನಿಸಿದ ಕ್ಷಣ ಕೂತವಳ ಬೆನ್ನು ಮುಟ್ಟಿ "ಖೋ" ಅಂದು, ತಾನು ಅವಳ ಜಾಗದಲ್ಲಿ ಕೂರಬೇಕು. ಒಂದು ಸರದಿಯ ಏಳು ಅಥವಾ ಒಂಬತ್ತು ನಿಮಿಷ ಪೂರ್ತಿ ಒಬ್ಬಳೇ ಓಡಿದರೆ ಎಂಥ ಗಟ್ಟಿಗಿತ್ತಿಯಾದರೂ ಬೀಳುತ್ತಾಳೆ. ಸಮಯಕ್ಕೆ ಸರಿಯಾಗಿ ಬಿಟ್ಟುಕೊಡುವುದೇ ಈ ಆಟದ ಜಾಣತನ.

ಓದೂ ಆಟವೂ ಹಾಗೇ ಅನ್ನಿಸಿತು. ತಕ್ಕಡಿಯ ಎರಡು ತಟ್ಟೆ ಒಂದೇ ಗಳಿಗೆಯಲ್ಲಿ ಸಮ ಇರಬೇಕು. ಮನುಷ್ಯರ ಬದುಕಿನಲ್ಲಿ ಅಂಥ ಗಳಿಗೆ ಬರುವುದೇ ಅಪರೂಪ. ಪಂದ್ಯದ ವಾರದಲ್ಲಿ ಆಟವೇ ಭಾರ, ಪರೀಕ್ಷೆಯ ತಿಂಗಳಲ್ಲಿ ಓದೇ ಭಾರ, ಸುಗ್ಗಿಯಲ್ಲಿ ಹೊಲ. ದಿನದಿನವೂ ಸಮ ತೂಗಲು ಹೋದವಳಿಗೆ ದಿನದಿನವೂ ತಪ್ಪಿತಸ್ಥೆಯ ಭಾವ. ಖೋ ಕೊಡಲು ಕಲಿತವಳಿಗೆ ಆ ಭಾವ ಇಲ್ಲ. ಅವಳು ಕೂತಿದ್ದರೂ ಆಟದೊಳಗೇ ಇರುತ್ತಾಳೆ.

ಅಂದಿನಿಂದ ಕಿಟ್ ಬ್ಯಾಗಿನಿಂದ ನೋಟ್ಸ್ ಹೊರಗೆ ಬಂತು. ಸಂಜೆ ಆರಕ್ಕೆ ಮೈದಾನದ ಗೇಟು ದಾಟುವಾಗ ಆಟದ ಮಾತು ನಿಲ್ಲಿಸುವುದೆಂದು ಒಂದು ನೇಮ ಮಾಡಿಕೊಂಡೆ. ಮುದ್ದೆ ಉಂಡು, ಏಳೂವರೆಯಿಂದ ಒಂಬತ್ತೂವರೆ ತನಕ ಓದು. ಎರಡೇ ಗಂಟೆ, ಆದರೆ ಪೂರ್ತಿ ಎರಡು ಗಂಟೆ. ಹತ್ತಕ್ಕೆ ಮಲಗುವುದು. ನಿದ್ದೆಗೆಟ್ಟು ಓದಿದ್ದು ಬೆಳಗಿನ ಓಟದಲ್ಲಿ ಬೆವರಿನ ಜೊತೆ ಹರಿದುಹೋಗುತ್ತದೆಂದು ಮೂರನೆಯ ಸೆಮಿಸ್ಟರ್ ಕಲಿಸಿತ್ತು. ಪಂದ್ಯಕ್ಕೆ ಹೋಗುವ ಮೊದಲೇ ಓ.ಡಿ. (ಆನ್ ಡ್ಯೂಟಿ) ಪತ್ರ ಆಫೀಸಿಗೆ ಕೊಡುತ್ತಿದ್ದೆ. ಹಾಜರಿ ಶೇ 75ಕ್ಕಿಂತ ಕೆಳಗಿಳಿದರೆ ಪರೀಕ್ಷೆಗೇ ಕೂರುವಂತಿಲ್ಲ. ಎಷ್ಟೋ ಒಳ್ಳೆಯ ಆಟಗಾರರು ಪದಕ ಹಿಡಿದು ಬಂದು ಹಾಜರಿ ಪಟ್ಟಿಯಲ್ಲಿ ಸೋಲುವುದು ಇಲ್ಲೇ.

ಆದರೆ ಖೋ ಕೊಡಬೇಕಾದರೆ ಕಿವಿ ತೆರೆದು ಕೂತ ಇನ್ನೊಬ್ಬರು ಬೇಕಲ್ಲ? ನನ್ನ ಪಾಲಿಗೆ ಆ ಚೌಕಗಳಲ್ಲಿ ಯಾರ್‍ಯಾರು ಕೂತಿದ್ದರೆಂದು ಆಮೇಲೆ ಎಣಿಸಿದೆ. ಮೊದಲ ಬೆಂಚಿನ ನನ್ನ ಗೆಳತಿ. ಆಟವೆಂದರೆ ಅವಳಿಗೆ ಆಗದು. ನಾನು ಊರಲ್ಲಿಲ್ಲದ ದಿನಗಳಲ್ಲಿ ಎರಡು ಹಾಳೆಯ ನಡುವೆ ಕಾರ್ಬನ್ ಇಟ್ಟು ನೋಟ್ಸ್ ಬರೆಯುತ್ತಿದ್ದಳು. ಪೆನ್ನು ಒತ್ತಿ ಒತ್ತಿ ಅವಳ ಮಧ್ಯದ ಬೆರಳಿನಲ್ಲಿ ಕಾಯಿ ಕಟ್ಟಿತ್ತು. ನಾನು ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಕ್ಕೆ ಆಯ್ಕೆಯಾದಾಗ ಆ ಬೆರಳನ್ನು ಮುಟ್ಟಿ ನೋಡಿ ಅತ್ತಿದ್ದೆ. ಇನ್ನು ಸುಗ್ಗಿಯಲ್ಲಿ "ಹೋಗು, ನಿನ್ನ ಸಾಲು ನಾನು ಕೀಳ್ತೀನಿ" ಅನ್ನುತ್ತಿದ್ದ ಅವ್ವ. ಊರವರ ಮಾತು ಅವಳ ಕಿವಿಗೂ ಬೀಳುತ್ತಿತ್ತು, ನನ್ನ ತನಕ ಬರಲು ಬಿಡಲಿಲ್ಲ.

ಓದು, ಆಟ ಎರಡರ ನಡುವೆ ಆಟಗಾರರು ಮೊದಲು ಕಳೆದುಕೊಳ್ಳುವುದು ಕಾಲೇಜಿನ ಒಡನಾಟವನ್ನು. ಕಾಲೇಜ್ ಡೇ, ಎನ್ಎಸ್ಎಸ್ ಶಿಬಿರ, ಗೇಟಿನ ಎದುರು ನಿಂತು ತಿನ್ನುವ ಮಂಡಕ್ಕಿ ಮೆಣಸಿನಕಾಯಿ, ಇವೆಲ್ಲ ಕಾಲಹರಣವೆಂದು ನಾನೂ ನಂಬಿದ್ದೆ. ಆ ನಂಬಿಕೆ ಬಿಡಿಸಿದ್ದು ಒಂದು ಭಾನುವಾರ.

ಗೆಳತಿಯರೆಲ್ಲ ಸೇರಿ ಒತ್ತಾಯ ಮಾಡಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಎಳೆದುಕೊಂಡು ಹೋದರು. 1892ರಲ್ಲಿ ಬಿ.ಎಲ್. ರೈಸ್ ಅಶೋಕನ ಶಾಸನ ಕಂಡುಹಿಡಿದ ಜಾಗ. ಪುಸ್ತಕದಲ್ಲಿ ಎರಡು ಅಂಕದ ಪ್ರಶ್ನೆಯಾಗಿದ್ದ ಬಂಡೆ ಕಣ್ಣೆದುರು ಇತ್ತು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಾದ ಮಹಾಮಾತ್ರರಿಗೆ ಹೊರಟ ಆಜ್ಞೆ ಅದು. ಜೊತೆಗೆ ಬಂದಿದ್ದ ಇತಿಹಾಸದ ಮೇಡಂ ಅದರ ತಾತ್ಪರ್ಯ ಹೇಳಿದರು. ತಾನು ಉಪಾಸಕನಾಗಿ ಎರಡೂವರೆ ವರ್ಷ ಮೀರಿದ್ದರೂ ಒಂದು ವರ್ಷ ಹೆಚ್ಚು ಶ್ರಮಪಡಲಿಲ್ಲವೆಂದು ಚಕ್ರವರ್ತಿಯೇ ಅಲ್ಲಿ ಒಪ್ಪಿಕೊಂಡಿದ್ದಾನೆ. ಆಮೇಲೆ ಗಟ್ಟಿಯಾಗಿ ಶ್ರಮಿಸಿದೆನೆಂದೂ, ಇದರ ಫಲ ದೊಡ್ಡವರಿಗಷ್ಟೇ ದಕ್ಕುವುದಲ್ಲ, ಶ್ರಮಪಟ್ಟರೆ ಸಣ್ಣವರಿಗೂ ಸಿಗುತ್ತದೆಂದೂ ಹೇಳಿದ್ದಾನೆ. ಫೇಲಾದ ಅಂಕಪಟ್ಟಿ ಪೆಟ್ಟಿಗೆಯಲ್ಲಿಟ್ಟು ಬಂದಿದ್ದ ನನಗೆ ಆ ಮಾತು ಆ ದಿನ ನನಗಾಗಿಯೇ ಕೆತ್ತಿದಂತೆ ಕೇಳಿಸಿತು. ಒಂದು ವರ್ಷ ಸೋತವನೂ ಎದ್ದು ಓಡಬಹುದು! ಇತಿಹಾಸವನ್ನು ನಾನು ನಿಜವಾಗಿ ಪ್ರೀತಿಸಲು ಶುರುಮಾಡಿದ್ದು ಆ ಬಂಡೆಯ ಬಳಿ. ಅಲ್ಲಿಗೆ ಕರೆದೊಯ್ದದ್ದು ನಾನು ಕಾಲಹರಣವೆಂದುಕೊಂಡಿದ್ದ ಗೆಳೆತನ.

ಅರ್ಥಶಾಸ್ತ್ರ ಮರುಪರೀಕ್ಷೆಯಲ್ಲಿ ಪಾಸಾಯಿತು. 2015ರಲ್ಲಿ ಮೊದಲ ದರ್ಜೆಯಲ್ಲಿ ಪದವಿ ಮುಗಿಸಿದೆ. ಈಗ ಇದೇ ಸೀಮೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ, ಸಂಜೆ ಮಕ್ಕಳಿಗೆ ಖೋ ಖೋ ಹೇಳಿಕೊಡುತ್ತೇನೆ. ನಮ್ಮ ತಂಡದ ಹನ್ನೆರಡು ಮಂದಿಯಲ್ಲಿ ಆಟದ ಬಲದಿಂದ ಕೆಲಸ ಸಿಕ್ಕಿದ್ದು ಒಬ್ಬಳಿಗೆ, ಪೊಲೀಸ್ ಇಲಾಖೆಯಲ್ಲಿ. ಅಲ್ಲಿ ಪ್ರತಿಭಾವಂತ ಕ್ರೀಡಾಪಟುಗಳಿಗೆ ಮೀಸಲು ಇದೆ. ಮಿಕ್ಕವರಲ್ಲಿ ನರ್ಸ್ ಇದ್ದಾರೆ, ಗ್ರಾಮ ಪಂಚಾಯಿತಿಯಲ್ಲಿ ಕೆಲಸ ಮಾಡುವವಳಿದ್ದಾಳೆ, ಹೊಲ ಮನೆ ನೋಡಿಕೊಳ್ಳುವವರಿದ್ದಾರೆ. ಆದ್ದರಿಂದ ನನ್ನ ಶಾಲೆಯ ಹುಡುಗಿಯರಿಗೆ ನಾನು ಆಟವೊಂದೇ ಸಾಕೆಂದು ಯಾವತ್ತೂ ಹೇಳುವುದಿಲ್ಲ. ಆಟ ಬಿಡಿ ಅಂತಲೂ ಹೇಳುವುದಿಲ್ಲ. ಅಂತರ ವಿಶ್ವವಿದ್ಯಾಲಯ ಪಂದ್ಯಗಳಿಗೆ ವಯಸ್ಸಿನ ಮಿತಿ 25. ಪದವಿಯ ಮೂರು ವರ್ಷ ಕಳೆದರೆ ನಮ್ಮಂಥ ಹೆಚ್ಚಿನ ಹೆಣ್ಣುಮಕ್ಕಳಿಗೆ ಆ ಬಾಗಿಲು ಮುಚ್ಚಿದ ಹಾಗೆಯೇ. ಓದಿಗೆ ಮುಂದೆಯೂ ದಾರಿ ಇರುತ್ತದೆ, ಆ ವಯಸ್ಸಿನ ಓಟ ಮಾತ್ರ ಮರಳಿ ಬರುವುದಿಲ್ಲ.

2025ರ ಜನವರಿ 19, ಭಾನುವಾರ. ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್‌ನ ಫೈನಲ್‌ನಲ್ಲಿ ನಮ್ಮ ಮಹಿಳೆಯರು ನೇಪಾಳವನ್ನು 78–40ರಿಂದ ಗೆದ್ದರು. ಆ ತಂಡದಲ್ಲಿ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಸೋಮವಾರ ಬೆಳಿಗ್ಗೆ ಮೊಬೈಲ್‌ನಲ್ಲಿ ಮಕ್ಕಳಿಗೆ ಆ ಪಂದ್ಯ ತೋರಿಸಿದೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು, "ಮಿಸ್, ಅವ್ರೂ ಹಳ್ಳಿಯವ್ರೇನಾ?" ಅಂತ ಕೇಳಿದಳು. ಹೌದೆಂದೆ. ಅವಳು ಮತ್ತೇನೂ ಕೇಳದೆ ಕಲ್ಲು ಆರಿಸಲು ಮೈದಾನಕ್ಕೆ ಹೋದಳು.

ಆ ಹುಡುಗಿ ಇನ್ನು ಕೆಲವೇ ವರ್ಷಗಳಲ್ಲಿ ಕಾಲೇಜು ಸೇರುತ್ತಾಳೆ. ಅವಳಿಗೆ ಹೇಳಬೇಕಾದ್ದನ್ನು ನಾನು ಹೇಳಿಕೊಡುತ್ತೇನೆ. ಈ ಮಾತು ಅವಳ ಸುತ್ತ ಇರುವವರಿಗೆ. ನಿಮ್ಮ ಮನೆಯಲ್ಲಿ, ನಿಮ್ಮ ಕ್ಲಾಸಿನಲ್ಲಿ ಆಡುವ ಮಗು ಇದ್ದರೆ ಅದರ ಕೈಗೆ ತಕ್ಕಡಿ ಕೊಡಬೇಡಿ. ತಪ್ಪಿದ ಪಾಠ ಇನ್ನೊಮ್ಮೆ ಹೇಳಿಕೊಡಿ, ತಪ್ಪಿದ ಟೆಸ್ಟಿಗೆ ಇನ್ನೊಂದು ದಿನ ಗೊತ್ತುಮಾಡಿ, ಸುಗ್ಗಿಯಲ್ಲಿ ಅದರ ಪಾಲಿನ ಒಂದು ಸಾಲು ನೀವು ಕೀಳಿ. ಅದು ಓಡುತ್ತ ಬಂದು ನಿಮ್ಮ ಬೆನ್ನು ಮುಟ್ಟಿದಾಗ ತಡಮಾಡದೆ ಏಳಿ.