ಪೋಸ್ಟರಿನ ಬೈಕೋ, ಕೆಸರಿನ ಬೈಕೋ?

ಗೆಳೆಯರೇ, ಎದೆ ಮುಟ್ಟಿಕೊಂಡು ಹೇಳಿ ನೋಡೋಣ. ತೆರೆಯ ಮೇಲೆ ಹೀರೋ ಧೂಳೆಬ್ಬಿಸಿಕೊಂಡು ಬೈಕಿನಲ್ಲಿ ಬಂದಾಗ ಶಿಳ್ಳೆ ಹಾಕದವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ಇಲ್ಲ ತಾನೇ! ನಾನೂ ಹಾಕಿದವನೇ. ಗಾಂಧಿ ಕ್ಲಾಸಿನಲ್ಲಿ ಕೂತು, ಗಂಟಲು ಹರಿಯುವ ಹಾಗೆ ಕೂಗಿದವನೇ.

ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ‘ಶೋಲೆ’ (1975) ಚಿತ್ರದ ಆ ಸೈಡ್‌ಕಾರ್ ಬೈಕನ್ನು ಯಾರು ಮರೆತಾರು? ‘ಬಾಬಿ’ (1973) ಬಂದ ಮೇಲೆ ರಾಜದೂತ್‌ನ ಪುಟ್ಟ ಗಾಡಿಗೆ ಜನ ‘ಬಾಬಿ’ ಅಂತಲೇ ಹೆಸರಿಟ್ಟುಬಿಟ್ಟರು. ಸಿನಿಮಾ ನೋಡಿ ಗಾಡಿಗೆ ಮನಸೋಲೋದು ನಮ್ಮ ಕಾಲದ ಹುಚ್ಚು ಮಾತ್ರ ಅಲ್ಲ, ನಮ್ಮ ಅಪ್ಪಂದಿರ ಕಾಲದ್ದೂ ಹೌದು!

ಆದರೆ ಒಂದು ಗುಟ್ಟು ಹೇಳ್ತೇನೆ ಕೇಳಿ. 1963ರಲ್ಲಿ ‘ದಿ ಗ್ರೇಟ್ ಎಸ್ಕೇಪ್’ ಅಂತ ಒಂದು ಇಂಗ್ಲಿಷ್ ಚಿತ್ರ ಬಂತು. ಸ್ಟೀವ್ ಮೆಕ್ವೀನ್ ಜರ್ಮನ್ ಸೈನಿಕರ ಬೈಕು ಹಾರಿಸಿಕೊಂಡು ಹೋಗಿ, ಮುಳ್ಳುತಂತಿ ಬೇಲಿಯನ್ನೇ ನೆಗೆದುಬಿಡುತ್ತಾನೆ. ಲೋಕವೇ ಬೆರಗಾದ ದೃಶ್ಯ ಅದು! ನಿಜ ಏನು ಗೊತ್ತೇ? ಆ ನೆಗೆತ ಮೆಕ್ವೀನ್‌ದಲ್ಲ. ಬಡ್ ಈಕಿನ್ಸ್ ಎಂಬ ಅವನ ಗೆಳೆಯನದು. ಬೈಕೂ ಜರ್ಮನಿಯದಲ್ಲ, ಇಂಗ್ಲೆಂಡಿನ ಟ್ರಯಂಫ್‌ಗೆ ಜರ್ಮನ್ ವೇಷ ಹಾಕಿದ್ದರು, ಅಷ್ಟೇ! ಮೆಕ್ವೀನ್ ಸ್ವತಃ ಒಳ್ಳೇ ಬೈಕ್ ಸವಾರ, ಅದರಲ್ಲಿ ಅನುಮಾನವಿಲ್ಲ. ಆದರೂ ಪೋಸ್ಟರಿನಲ್ಲಿ ಕಂಡದ್ದೇ ಬೇರೆ, ನಡೆದದ್ದೇ ಬೇರೆ.

ಇಷ್ಟೆಲ್ಲಾ ಗೊತ್ತಿದ್ದೂ 2023ರಲ್ಲಿ ನಾನು ಮೋಸ ಹೋಗುವುದರಲ್ಲಿದ್ದೆ. ಮೋಸ ಮಾಡಲು ಹೊರಟಿದ್ದು ಯಾವ ಕಂಪನಿಯೂ ಅಲ್ಲ ಸ್ವಾಮೀ.... ನನ್ನ ತಲೆಯೊಳಗೆ ಅಂಟಿಕೊಂಡಿದ್ದ ಪೋಸ್ಟರು!

ಡಬಲ್ ಹೀರೋ ಚಿತ್ರ

ನಮ್ಮ ಮನೆ ಮೂಡಿಗೆರೆ ಕಡೆ. ಟಾರು ರಸ್ತೆಯಿಂದ ಮನೆಗೆ 3 ಕಿಲೋಮೀಟರ್ ಮಣ್ಣು ದಾರಿ. ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ಬೆಣ್ಣೆ! ಕೆಲಸ ಇರೋದು ಚಿಕ್ಕಮಗಳೂರಿನಲ್ಲಿ. ಹೋಗಿ ಬರೋದು ದಿನಕ್ಕೆ 66 ಕಿಲೋಮೀಟರ್. ತಿಂಗಳಿಗೊಮ್ಮೆ ಅವ್ವನನ್ನು ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಹೋಗಬೇಕು, ಅವಳಿಗೆ ಉಬ್ಬಸ. ಇದೆಲ್ಲದರ ಜೊತೆಗೆ ಒಂದು ಕನಸು ಬೇರೆ. ಗೆಳೆಯನೊಬ್ಬನ ಜೊತೆ ಬೈಕಿನಲ್ಲಿ ಲಡಾಖಿಗೆ ಹೋಗಬೇಕು! ಕಾಲೇಜು ದಿನದಿಂದ ಆಣೆ ಮಾಡಿಕೊಂಡಿದ್ದೆವು.

ಎಲ್ಲಕ್ಕೂ ಒಂದೇ ಬೈಕು ಬೇಕು. ಎರಡು ಕೊಳ್ಳೋಕೆ ನಾನೇನು ನಿರ್ಮಾಪಕನ ಮಗನೇ?

ಆಗ ಕಣ್ಣ ಮುಂದೆ ಇದ್ದವು ಎರಡೇ. ಒಂದು ರಾಯಲ್ ಎನ್‌ಫೀಲ್ಡ್‌ನ ಹಿಮಾಲಯನ್ 411. ಇನ್ನೊಂದು ಹೀರೋ ಕಂಪನಿಯ ಎಕ್ಸ್‌ಪಲ್ಸ್ 200 ನಾಲ್ಕು ವಾಲ್ವಿನದು. ಹಿಮಾಲಯನ್ ಬಂದದ್ದು 2016ರಲ್ಲಿ, ಎಕ್ಸ್‌ಪಲ್ಸ್ 2019ರಲ್ಲಿ, ಅದರ ನಾಲ್ಕು ವಾಲ್ವಿನ ಅವತಾರ 2021ರಲ್ಲಿ. ಎರಡಕ್ಕೂ ಮುಂದೆ 21 ಇಂಚಿನ ದೊಡ್ಡ ಚಕ್ರ. ದೊಡ್ಡ ಚಕ್ರ ಗುಂಡಿಯೊಳಗೆ ಬೀಳೋದಿಲ್ಲ, ಮೇಲೆ ಉರುಳಿಕೊಂಡು ಹೋಗತ್ತೆ. ಎರಡಕ್ಕೂ ಕಡ್ಡಿ ಚಕ್ರ, ಟ್ಯೂಬು ಟೈರು. ಎರಡಕ್ಕೂ ಐದು ಗೇರು. ಹೊಟ್ಟೆಯ ಕೆಳಗೆ ಎರಡಕ್ಕೂ 220 ಮಿಲಿಮೀಟರ್ ಜಾಗ, ಕಲ್ಲು ತಾಗಬಾರದಲ್ಲ! ದೂರದಿಂದ ನೋಡಿದರೆ ಅಣ್ಣ ತಮ್ಮ.

ಹತ್ತಿರ ಹೋದರೆ ಸ್ವಭಾವವೇ ಬೇರೆ. ಹಿಮಾಲಯನ್ ಹೆಸರಿಗೆ ತಕ್ಕ ಭಾರಿ ಆಸಾಮಿ. 411 ಸಿಸಿ, 24 ಕುದುರೆಗೂ ಸ್ವಲ್ಪ ಮೇಲೆ, ಪೆಟ್ರೋಲು ತುಂಬಿದರೆ 199 ಕೇಜಿ. ಎಕ್ಸ್‌ಪಲ್ಸ್ 200 ಸಿಸಿಗೆ ಒಂದು ಕೂದಲು ಕಮ್ಮಿ, ಸುಮಾರು 19 ಕುದುರೆ, 159 ಕೇಜಿ. ಬೆಲೆಯಲ್ಲೂ ಹಾಗೇ. ಶೋರೂಮ್ ಲೆಕ್ಕದಲ್ಲಿ ಇದು ಒಂದೂವರೆ ಲಕ್ಷದ ಆಸುಪಾಸು, ಅದು ಎರಡು ಲಕ್ಷ ದಾಟಿತ್ತು.

ನನ್ನ ಮನಸ್ಸು ಯಾವುದರ ಮೇಲಿತ್ತು ಅಂತ ಬೇರೆ ಹೇಳಬೇಕೇ? ಹಿಮಾಲಯನ್! ಪೆಟ್ರೋಲ್ ಟ್ಯಾಂಕಿನ ಪಕ್ಕದ ಆ ಕಬ್ಬಿಣದ ಕಂಬಿ, ಆ ಗುಂಡು ಗಾಜು, ಆ ದಡ್ ದಡ್ ಸದ್ದು.... ಕನ್ನಡಿ ಮುಂದೆ ನಿಂತು ಜಾಕೆಟ್ ಹಾಕಿಕೊಂಡು ನೋಡಿದ್ದೂ ಆಯಿತು!

ಮೊದಲ ರೀಲು: ಘಾಟಿ

ಬೆಂಗಳೂರಲ್ಲಿ ಕೆಲಸ ಮಾಡುವ ನನ್ನ ಗೆಳೆಯ ಹಿಮಾಲಯನ್ ಕೊಂಡಾಗಿತ್ತು. ಜೂನ್ ತಿಂಗಳಲ್ಲಿ ಊರಿಗೆ ಬಂದವನು, “ತಗೋ ಮಾರಾಯ, ಎರಡು ದಿನ ಇಟ್ಕೋ. ಓಡಿಸಿ ನೋಡದೆ ಮದುವೆ ಆಗಬೇಡ” ಅಂತ ಕೀ ಕೊಟ್ಟ. ಪಕ್ಕದ ಎಸ್ಟೇಟಿನ ರೈಟರ ಹತ್ತಿರ ಎಕ್ಸ್‌ಪಲ್ಸ್ ಇತ್ತು. ಪುಣ್ಯಾತ್ಮ, ಅವರೂ ಒಂದು ಭಾನುವಾರದ ಮಟ್ಟಿಗೆ ಕೊಟ್ಟರು.

ಹಿಮಾಲಯನ್‌ನಲ್ಲಿ ಗೆಳೆಯನನ್ನು ಹಿಂದೆ ಕೂರಿಸಿಕೊಂಡು ಚಾರ್ಮಾಡಿ ಘಾಟಿ ಇಳಿದು ಹತ್ತಿದೆ. ಅಬ್ಬಾ! ತಿರುವಿನಿಂದ ತಿರುವಿಗೆ ಗೇರು ಇಳಿಸುವ ಗೋಜೇ ಇಲ್ಲ. ಕಾರಣ ಇದೆ. ಅದರ ಪಿಸ್ಟನ್ 86 ಮಿಲಿಮೀಟರ್ ಉದ್ದಕ್ಕೆ ಓಡಾಡತ್ತೆ. ಎಕ್ಸ್‌ಪಲ್ಸ್‌ದು 58ಕ್ಕೂ ಕಮ್ಮಿ. ಹಿಮಾಲಯನ್‌ನ ಎಳೆಯುವ ಶಕ್ತಿ 32 ನ್ಯೂಟನ್ ಮೀಟರ್, ಅದೂ ಇಂಜಿನ್ ಇನ್ನೂ ನಿಧಾನ ತಿರುಗುವಾಗಲೇ ಸಿಗತ್ತೆ. ಎಕ್ಸ್‌ಪಲ್ಸ್‌ದು 17 ಚಿಲ್ಲರೆ, ಅದನ್ನೂ ಇಂಜಿನ್ ಚೆನ್ನಾಗಿ ಕೂಗಿಸಿದರೇ ಕೊಡೋದು. ಅದೇ ಘಾಟಿಯನ್ನು ಭಾನುವಾರ ಎಕ್ಸ್‌ಪಲ್ಸ್‌ನಲ್ಲಿ ಹತ್ತಿದಾಗ ಎಡಗಾಲಿಗೆ ಬಿಡುವೇ ಇರಲಿಲ್ಲ. ಎರಡನೇ ಗೇರು, ಮೂರನೇ ಗೇರು, ಮತ್ತೆ ಎರಡು....

ಹೆದ್ದಾರಿಯಲ್ಲೂ ಹಿಮಾಲಯನ್‌ದೇ ಮೇಲುಗೈ. ತೊಂಬತ್ತರ ವೇಗದಲ್ಲಿ ಆರಾಮಾಗಿ ಕೂತು ಹೋಗಬಹುದು. ಎಕ್ಸ್‌ಪಲ್ಸ್‌ಗೆ ಎಂಬತ್ತು ಹಿತ, ಅದರ ಮೇಲೆ ಅದೂ ಬೆವರತ್ತೆ, ನಾವೂ ಬೆವರ್ತೇವೆ. ಕೂರುವ ಎತ್ತರವೂ ಹಿಮಾಲಯನ್‌ದು 800 ಮಿಲಿಮೀಟರ್, ಎಕ್ಸ್‌ಪಲ್ಸ್‌ದು 825. ಒಂದು ಇಂಚು ಅಂತ ನಗಬೇಡಿ. ಸೀರೆ ಉಟ್ಟ ಅವ್ವಂದಿರಿಗೆ ಒಂದು ಇಂಚೂ ಲೆಕ್ಕವೇ!

ಇಂಟರ್ವಲ್ ಹೊತ್ತಿಗೆ ನನ್ನ ತೀರ್ಪು ಬರೆದಾಗಿತ್ತು. ಹಿಮಾಲಯನ್!

ಇಂಟರ್ವಲ್ ನಂತರ

ಘಾಟಿಯಿಂದ ಬಂದು ಗೆಳೆಯನನ್ನು ಅವನ ಮನೆ ಹತ್ತಿರ ಇಳಿಸಿ, ಒಬ್ಬನೇ ನಮ್ಮ ಮಣ್ಣು ದಾರಿಗೆ ತಿರುಗಿದೆ. ಸಂಜೆ ಆರೂವರೆ. ಹಿಂದಿನ ರಾತ್ರಿ ಮಳೆ ಬಂದಿತ್ತು. ಹಳ್ಳದ ಪಕ್ಕದ ಇಳಿಜಾರಿನಲ್ಲಿ ಮುಂದಿನ ಚಕ್ರ ಸ್ವಲ್ಪ ಆಚೀಚೆ ಆಯಿತು. ಹೆದರಿ ಮುಂದಿನ ಬ್ರೇಕು ಅದುಮಿದೆ. ಕೆಸರಲ್ಲಿ ಯಾರೂ ಮಾಡಬಾರದ ಕೆಲಸ ಅದು. ತಪ್ಪು ಬೈಕಿನದಲ್ಲ, ನೂರಕ್ಕೆ ನೂರು ನನ್ನದು. ಮಲಗಿದೆವು ಇಬ್ಬರೂ!

ಪೆಟ್ಟೇನೂ ಆಗಲಿಲ್ಲ. ಆದರೆ ಎಡಗಾಲು ಬೈಕಿನ ಅಡಿಯಲ್ಲಿ. ಕಾಲು ಎಳೆದುಕೊಳ್ಳೋಕೆ ಐದು ನಿಮಿಷ. ಆಮೇಲೆ ಎತ್ತೋಕೆ ಹೋದೆ. ಕಾಲ ಕೆಳಗೆ ಜಾರುವ ಕೆಸರು, ಬೈಕು ಮಲಗಿದ್ದು ಇಳಿಜಾರಿನ ಕಡೆಗೆ. ಒಮ್ಮೆ ಎತ್ತಿದೆ, ಅರ್ಧಕ್ಕೆ ಬಂದು ಜಾರಿತು. ಇನ್ನೊಮ್ಮೆ, ಮತ್ತೊಮ್ಮೆ.... ಊಹೂಂ! ಕತ್ತಲಾಯಿತು. ಮೊಬೈಲಿಗೆ ಅಲ್ಲಿ ಸಿಗ್ನಲ್ ಸಿಗಲ್ಲ. ಸಿನಿಮಾದಲ್ಲಾದರೆ ಹೀರೋ ಒಂದೇ ಕೈಲಿ ಎತ್ತಿ ಹೊರಡ್ತಿದ್ದ. ನಾನು ಜಾಕೆಟ್ ಹಾಕಿಕೊಂಡು ಕಲ್ಲಿನ ಮೇಲೆ ಕೂತೆ. ಮುಕ್ಕಾಲು ಗಂಟೆ ಬಿಟ್ಟು ಕೆಲಸ ಮುಗಿಸಿ ಬರ್ತಿದ್ದ ಇಬ್ಬರು ಎಸ್ಟೇಟಿನವರು ಸಿಕ್ಕರು. ಮೂರು ಜನ ಸೇರಿ ಎತ್ತಿದೆವು.

ಮನೆಗೆ ಬಂದಾಗ ಅಪ್ಪ ಜಗಲಿಯಲ್ಲಿದ್ದರು. ಒಂದು ಕಾಲಕ್ಕೆ ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಬೈಕನ್ನು ಇದೇ ದಾರಿಯಲ್ಲಿ ಓಡಿಸಿದವರು ಅವರು. ನನ್ನ ಪ್ಯಾಂಟಿನ ಕೆಸರು ನೋಡಿ ಕೇಳಿದ್ದು ಒಂದೇ ಮಾತು.

“ಎತ್ತಿದ್ದು ಯಾರು?”

“ಇಬ್ಬರು ಸಿಕ್ಕಿದ್ರಪ್ಪ.”

“ದಿನಾ ಸಿಗ್ತಾರಾ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಪ್ಪ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ, “ಬೈಕ್ ತಗಳದು ನೀನು. ಬೀಳಿಸೋದೂ ನೀನೇ, ಎತ್ತೋದೂ ನೀನೇ ಕಣೋ. ಫೋಟೋದಲ್ಲಿ ಚೆಂದ ಕಾಣೋದು ಆಮೇಲೆ ನೋಡನ” ಅಂದರು.

ಭಾನುವಾರ ಬೇಕೆಂದೇ ರೈಟರ ಎಕ್ಸ್‌ಪಲ್ಸನ್ನು ಅದೇ ಇಳಿಜಾರಿಗೆ ತಂದು, ನಿಲ್ಲಿಸಿ, ಮೆತ್ತಗೆ ಹುಲ್ಲಿನ ಮೇಲೆ ಮಲಗಿಸಿದೆ. (ರೈಟರಿಗೆ ಹೇಳಬೇಡಿ!) ಬೈಕಿಗೆ ಬೆನ್ನು ಕೊಟ್ಟು ಕೂತು, ಹ್ಯಾಂಡಲ್ ಒಂದು ಕೈಲಿ, ಹಿಂದಿನ ಕಂಬಿ ಇನ್ನೊಂದು ಕೈಲಿ ಹಿಡಿದು, ಕಾಲಿನ ಬಲದಿಂದ ಎದ್ದೆ. ಎರಡನೇ ಸಲಕ್ಕೆ ಎದ್ದು ನಿಂತಿತು! 199ಕ್ಕೂ 159ಕ್ಕೂ ವ್ಯತ್ಯಾಸ 40 ಕೇಜಿ. ಕಾಗದದ ಮೇಲೆ ಅದು ಬರೀ ಅಂಕಿ. ಕೆಸರಿನಲ್ಲಿ ಅದು ಒಂದು ಕಾಫಿ ಮೂಟೆಗೆ ಹತ್ತೇ ಕೇಜಿ ಕಮ್ಮಿ!

ನೆನಪಿಡಿ, ಗುಂಡಿ ನುಂಗುವ ವಿಷಯದಲ್ಲಿ ಹಿಮಾಲಯನ್ ಹಿಂದೆ ಬಿದ್ದಿಲ್ಲ. ಅದರ ಮುಂದಿನ ಶಾಕ್ 200 ಮಿಲಿಮೀಟರ್ ಇಳಿಯತ್ತೆ, ಎಕ್ಸ್‌ಪಲ್ಸ್‌ದು 190. ಸೋತದ್ದು ಬೈಕಲ್ಲ. ಆ ದಾರಿಯಲ್ಲಿ, ಆ ಭಾರದ ಎದುರು, ಒಬ್ಬನೇ ಇದ್ದ ನಾನು.

ತೀರ್ಪು ಬದಲಾಯಿತು. ಎಕ್ಸ್‌ಪಲ್ಸ್ ತಂದೆ. ಸುಳ್ಳು ಹೇಳಲಾರೆ, ಬುಕ್ ಮಾಡಿದ ದಿನ ಮನಸ್ಸಿಗೆ ಪಿಚ್ಚೆನಿಸಿತು. ಲಡಾಖ್ ಪ್ರಯಾಣ ನನ್ನ ಕೈಯಾರೆ ದೂರ ತಳ್ಳಿದ ಹಾಗಿತ್ತು. ಗೆಳೆಯನಿಗೂ ಬೇಜಾರು. “ಆಣೆ ಮರೆತೆಯೇನೋ?” ಅಂದ. ಒಂದು ತಿಂಗಳು ಫೋನೇ ಮಾಡಲಿಲ್ಲ.

ಕ್ಲೈಮ್ಯಾಕ್ಸ್ ಹೀಗಾಯಿತು

2024ರ ಜುಲೈ. ಮಲೆನಾಡಿನವರಿಗೆ ಆ ಮಳೆ ನೆನಪಿರತ್ತೆ. ಒಂದು ರಾತ್ರಿ ಹನ್ನೊಂದಕ್ಕೆ ಅವ್ವನಿಗೆ ಉಬ್ಬಸ ಜೋರಾಯಿತು. ಪಂಪು ಎಳೆದರೂ ಇಳಿಯಲಿಲ್ಲ. ದಾರಿಗೆ ಮರ ಬಿದ್ದು ಜೀಪು ಬರೋ ಹಾಗಿಲ್ಲ. ಟಾರು ರಸ್ತೆಗೆ ಆಟೋ ಕರೆಸಿದೆವು. ನಡುವೆ ಉಳಿದದ್ದು ಆ 3 ಕಿಲೋಮೀಟರ್.

ಅವ್ವ ಜಗಲಿ ಕಟ್ಟೆಯ ಮೇಲೆ ನಿಂತು ಬೈಕಿಗೆ ಕೂತಳು. ಆ ಒಂದು ಇಂಚಿಗೆ ನಾವು ಕಂಡುಕೊಂಡ ಉಪಾಯ ಅದು. ಅವಳ ತಲೆಗೂ ಹೆಲ್ಮೆಟ್. ಮೊದಲನೇ ಗೇರು, ಎರಡೂ ಕಾಲು ನೆಲದ ಮೇಲೆ ಎಳೆಯುತ್ತಾ, ನಡಿಗೆಯ ವೇಗ. ಅಪ್ಪ ಟಾರ್ಚು ಹಿಡಿದು ಹಿಂದೆ. ಮರ ಬಿದ್ದ ಕಡೆ ಅವ್ವನನ್ನು ಇಳಿಸಿ, ಬೈಕನ್ನು ಕಾಫಿ ಗಿಡಗಳ ನಡುವೆ ತಳ್ಳಿಕೊಂಡು ದಾಟಿಸಿದೆ. ದಾಟುವಾಗ ಅದು ಚರಂಡಿಗೆ ವಾಲಿತು, ಮಲಗಿತು. ಅಪ್ಪ ಅವ್ವನನ್ನು ಹಿಡಿದುಕೊಂಡು ನಿಂತಿದ್ದರು. ಬರೋ ಹಾಗಿರಲಿಲ್ಲ. ಬೆನ್ನು ಕೊಟ್ಟೆ, ಎದ್ದೆ. ಬೈಕೂ ಎದ್ದಿತು.

ಆಟೋ ಕಾಯುತ್ತಿತ್ತು. ಅವ್ವ ಮೂರು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಳು. ಅಪ್ಪ ಆ ರಾತ್ರಿಯ ಬಗ್ಗೆ ಏನೂ ಹೇಳಲಿಲ್ಲ. ಮಾರನೇ ವಾರ ನಾನು ಕೆಲಸಕ್ಕೆ ಹೊರಟಾಗ ನೋಡಿದರೆ, ಚೈನಿನ ಕೆಸರು ತೊಳೆದು ಎಣ್ಣೆ ಹಾಕಿಟ್ಟಿದ್ದರು.

ಆ ಸೆಪ್ಟೆಂಬರಿನಲ್ಲಿ ಗೆಳೆಯ ಲಡಾಖಿಗೆ ಹೋದ. ಖರ್ದುಂಗ್ ಲಾ ಕಣಿವೆ ದಾರಿಯಿಂದ ಫೋಟೋ ಕಳಿಸಿದ. ಹೊಟ್ಟೆಕಿಚ್ಚು ಆಗಲಿಲ್ಲ ಅಂದರೆ ನಂಬ್ತೀರಾ? ಆಯಿತು! ಅವನ ಬೈಕು ಅವನ ದಾರಿಗೆ ಸರಿಯಾಗಿತ್ತು. ಜೊತೆಗೆ ನಾಲ್ಕು ಜನ, ಉದ್ದ ಹೆದ್ದಾರಿ, ಹಿಂದೆ ಮೂಟೆ ಸಾಮಾನು.

ನಿಮಗೆ ಬಿಟ್ಟದ್ದು

ಈಗ ಕಾಲ ಮುಂದೆ ಹೋಗಿದೆ. ಹಿಮಾಲಯನ್ 411 ತೆರೆಮರೆಗೆ ಸರಿದು, 2023ರ ನವೆಂಬರಿನಲ್ಲಿ 452 ಸಿಸಿ, 40 ಕುದುರೆಯ ಹೊಸ ಹಿಮಾಲಯನ್ ಬಂತು. 2025ರಲ್ಲಿ ಎಕ್ಸ್‌ಪಲ್ಸ್ 210 ಬಂತು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದು, ಅದಕ್ಕೆ ಮೇಲ್ಪಟ್ಟವಕ್ಕೆ ಶೇ. 40 ಆಯಿತು. ಇಬ್ಬರ ಬೆಲೆಯ ನಡುವಿನ ಕಂದಕ ಇನ್ನೂ ಅಗಲವಾಯಿತು. ಅಂಕಿಗಳು ಬದಲಾದವು, ಪ್ರಶ್ನೆ ಮಾತ್ರ ಹಳೆಯದೇ.

ಅದಕ್ಕೇ ಹೇಳ್ತೇನೆ ತಮ್ಮಂದಿರಾ, ಶೋರೂಮಿಗೆ ಹೋಗೋ ಮುಂಚೆ ಒಂದು ಚೀಟಿ ಬರೀರಿ. ವರ್ಷಕ್ಕೆ 365 ದಿನ. ಅದರಲ್ಲಿ ಹೆದ್ದಾರಿ ಎಷ್ಟು ದಿನ, ಮಣ್ಣು ದಾರಿ ಎಷ್ಟು ದಿನ? ಹಿಂದೆ ಕೂರೋರು ಯಾರು, ಅವರ ಕಾಲು ಎಷ್ಟು ಎತ್ತರಕ್ಕೆ ಏಳತ್ತೆ? ಬಿದ್ದರೆ ಎತ್ತೋಕೆ ಜೊತೆಗೆ ಯಾರಿದ್ದಾರೆ? ಸ್ಪೇರು ನಿಮ್ಮ ತಾಲ್ಲೂಕಲ್ಲಿ ಸಿಗತ್ತೋ, ಜಿಲ್ಲೆಗೆ ಓಡಬೇಕೋ? ಹೆದ್ದಾರಿ ದಿನವೇ ಜಾಸ್ತಿ ಇದ್ದರೆ ದೊಡ್ಡದನ್ನೇ ತಗೊಳ್ಳಿ, ಧೈರ್ಯವಾಗಿ ತಗೊಳ್ಳಿ. ಇಲ್ಲದಿದ್ದರೆ, ಕೊಳ್ಳೋ ಬೈಕನ್ನು ಒಮ್ಮೆ ಮಲಗಿಸಿ, ಒಬ್ಬರೇ ಎತ್ತಿ ನೋಡಿ. ಅದರ ಮಾಲೀಕನನ್ನು ಕೇಳಿಯೇ ಮಲಗಿಸಿ, ನನ್ನ ಹಾಗೆ ಕಳ್ಳತನದಲ್ಲಿ ಬೇಡ!

ಲಡಾಖಿನ ಆಣೆ ನಾನು ಮರೆತಿಲ್ಲ. ಹೋಗ್ತೇನೆ, ಎಂಬತ್ತರ ವೇಗದಲ್ಲೇ ಹೋಗ್ತೇನೆ. ಎರಡು ದಿನ ತಡವಾಗಿ ತಲುಪಿದರೆ ಗೆಳೆಯ ಕಾಯ್ತಾನಂತೆ.

ಸರಿ, ನಿಮ್ಮ ಬಸ್ಸು ಬಂತೇನೋ, ಹತ್ತಿಕೊಳ್ಳಿ. ಕಿಟಕಿ ಪಕ್ಕ ಸೀಟು ಸಿಕ್ಕರೆ ಊರಿನ ತನಕ ದಾರಿಯನ್ನೇ ನೋಡ್ತಾ ಹೋಗಿ. ನಾಳೆ ನಿಮ್ಮ ಬೈಕು ಓಡಬೇಕಾದದ್ದು ಅದೇ ದಾರಿಯಲ್ಲಿ ಅಲ್ಲವೇ?