ವರದಿಯಲ್ಲಿ ಇಲ್ಲದ ಕುದುರೆ

ಗೆದ್ದವರಾರು, ಸೋತವರಾರು, ಎಷ್ಟು ಅಂಕಗಳಿಂದ ಎಂಬುದನ್ನು ತಪ್ಪಿಲ್ಲದೆ ತಿಳಿಸಿದರೆ ಕ್ರೀಡಾವರದಿಗಾರನು ಸತ್ಯವನ್ನು ನುಡಿದಂತಾಯಿತೆಂದು ಲೋಕವು ಭಾವಿಸುತ್ತದೆ. ಬೆಂಗಳೂರಿನ ಪತ್ರಿಕೆಯೊಂದರಲ್ಲಿ ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಕ್ರಿಕೆಟ್ಟಿನ ಲೆಕ್ಕಾಚಾರದಲ್ಲಿಯೇ ಕಾಲ ಕಳೆದ ಪತ್ರಕರ್ತರೊಬ್ಬರೂ ಹಾಗೆಯೇ ಭಾವಿಸಿದ್ದರು. 2021ರ ಜುಲೈ ತಿಂಗಳಲ್ಲಿ ಅವರು ಟೋಕಿಯೊ ಒಲಿಂಪಿಕ್ಸ್‌ಗೆ ಹೊರಟಾಗ ಈ ವಿಷಯದಲ್ಲಿ ಅವರಿಗೆ ಲವಲೇಶವೂ ಸಂಶಯವಿರಲಿಲ್ಲ.

ಅವರಿಗೆ ಒಪ್ಪಿಸಿದ್ದ ಮುಖ್ಯ ಕಾರ್ಯವೆಂದರೆ ಬೆಂಗಳೂರಿನ ಅಶ್ವಾರೋಹಿ ಫವಾದ್ ಮಿರ್ಜಾ ಅವರ ಸ್ಪರ್ಧೆಯ ವರದಿ. 2000ದ ಸಿಡ್ನಿ ಕೂಟದ ನಂತರ ಒಲಿಂಪಿಕ್ಸ್ ಅಶ್ವಾರೋಹಣದಲ್ಲಿ ಭಾರತೀಯರಾರೂ ಇರಲಿಲ್ಲ. ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿಯ ಪದಕಗಳನ್ನು ಗಳಿಸಿದ್ದವರು. ಅವರ ತಂದೆ ಅಶ್ವವೈದ್ಯರು. ಕುದುರೆಯ ಹೆಸರು ಸೆನ್ಯೋರ್ ಮೆಡಿಕಾಟ್. ಇಷ್ಟು ಸಾಮಗ್ರಿ ದೊರೆತರೆ ವರದಿಗಾರನಿಗೆ ಬೇರೇನು ಬೇಕು?

ಅವರಿಗೆ ಕುದುರೆಗಳ ಪರಿಚಯವಿರಲಿಲ್ಲ. ವಿಮಾನದಲ್ಲಿ ಕುಳಿತೇ ನಿಯಮಗಳನ್ನು ಓದಿಕೊಂಡರು. ಇವೆಂಟಿಂಗ್ ಎಂಬ ಈ ಸ್ಪರ್ಧೆಯಲ್ಲಿ ಮೂರು ಪರೀಕ್ಷೆಗಳು: ಶಿಸ್ತಿನ ನಡಿಗೆಯ ಡ್ರೆಸಾಜ್, ಬಯಲಿನಲ್ಲಿ ಹಳ್ಳ ದಿಣ್ಣೆ ಅಡ್ಡಗಟ್ಟುಗಳನ್ನು ದಾಟಿ ಓಡುವ ಕ್ರಾಸ್‌ಕಂಟ್ರಿ, ಕೊನೆಗೆ ಅಂಗಳದಲ್ಲಿ ಜಿಗಿತ. ಸ್ತ್ರೀಪುರುಷರು ಒಂದೇ ಕಣದಲ್ಲಿ ಸಮಾನರಾಗಿ ಸ್ಪರ್ಧಿಸುವರೆಂಬುದು ಅವರಿಗೆ ಬಹಳ ಮೆಚ್ಚುಗೆಯಾಯಿತು. ಆದರೆ ಸವಾರ ಮತ್ತು ಕುದುರೆಯ ಜೋಡಿಯಲ್ಲಿ ಒಬ್ಬರ ಸಮ್ಮತಿಯನ್ನು ಮಾತ್ರ ಕೇಳಲಾಗಿರುತ್ತದೆ ಎಂಬುದು ಆಗ ಅವರಿಗೆ ಹೊಳೆಯಲಿಲ್ಲ.

ಆಗಸ್ಟ್ 1ರ ಬೆಳಗಿನ ಕ್ರಾಸ್‌ಕಂಟ್ರಿ ನಡೆದದ್ದು ಟೋಕಿಯೊ ಕೊಲ್ಲಿಯಲ್ಲಿ ನಗರದ ಕಸವನ್ನು ತುಂಬಿ ನಿರ್ಮಿಸಿದ ನೆಲದ ಮೇಲೆ. ಅದಕ್ಕೆ ಸಮುದ್ರಾರಣ್ಯವೆಂದು ಹೆಸರು. ಮಹಾಮಾರಿಯ ಕಾರಣ ಪ್ರೇಕ್ಷಕರಿರಲಿಲ್ಲ. ಸೆಕೆ ವಿಪರೀತ. ಕುದುರೆಗಳ ಕ್ಷೇಮಕ್ಕಾಗಿ ಓಟದ ದಾರಿಯನ್ನು ಕಿರಿದುಗೊಳಿಸಿದ್ದರು. ಓಟ ಮುಗಿಸಿ ಬಂದ ಪ್ರಾಣಿಯ ಮೈಮೇಲೆ ಹಿಮದ ನೀರು ಸುರಿಯುತ್ತಿದ್ದರು. ಪಶುವೈದ್ಯರು ಸದಾ ಸಿದ್ಧರಿದ್ದರು. ಹೊಡೆತ ಬಿದ್ದರೆ ತಾನಾಗಿ ಕಳಚಿಕೊಳ್ಳುವ ಅಡ್ಡಗಟ್ಟುಗಳೂ ಇದ್ದವು. ಅಲ್ಲಿ ನಿರ್ಲಕ್ಷ್ಯವಿತ್ತೆಂದು ಹೇಳುವುದು ನ್ಯಾಯವಲ್ಲ.

ಮಿರ್ಜಾ ಒಂದು ಅಡ್ಡಗಟ್ಟಿನಲ್ಲಿಯೂ ತಪ್ಪದೆ ಓಟ ಮುಗಿಸಿದರು. ನಿಗದಿತ ಕಾಲಕ್ಕಿಂತ 28 ಸೆಕೆಂಡು ಹೆಚ್ಚಾದ್ದರಿಂದ 11.20 ದಂಡಾಂಕಗಳು ಬಿದ್ದು, ಒಂಬತ್ತನೆಯ ಸ್ಥಾನದಿಂದ ಇಪ್ಪತ್ತೆರಡಕ್ಕೆ ಇಳಿದರು. ಪತ್ರಕರ್ತರು ಇದನ್ನೆಲ್ಲ ಗುರುತು ಹಾಕಿಕೊಂಡರು.

ಅದೇ ದಿನ ಅದೇ ದಾರಿಯಲ್ಲಿ ಸ್ವಿಟ್ಜರ್ಲೆಂಡಿನ ಯುವಕ ರಾಬಿನ್ ಗೊಡೆಲ್ ಅವರ ಕುದುರೆ ಜೆಟ್ ಸೆಟ್ ಓಟದ ಕೊನೆಯ ಭಾಗದಲ್ಲಿ ಕುಂಟುತ್ತ ನಿಂತುಬಿಟ್ಟಿತು. ಅದಕ್ಕೆ ಹದಿನಾಲ್ಕು ವರ್ಷ. ಆಂಬುಲೆನ್ಸಿನಲ್ಲಿ ಚಿಕಿತ್ಸಾಲಯಕ್ಕೆ ಒಯ್ದು ಅಲ್ಟ್ರಾಸೌಂಡ್ ಪರೀಕ್ಷೆ ಮಾಡಿದರು. ಬಲಗಾಲಿನಲ್ಲಿ, ಗೊರಸಿನ ಮೇಲುಗಡೆ, ಮತ್ತೆ ಕೂಡಿಕೊಳ್ಳಲಾರದಂತೆ ಅಸ್ಥಿರಜ್ಜು ಹರಿದಿತ್ತು. ಮಾಲೀಕರೂ ಸವಾರನೂ ಸಮ್ಮತಿಸಿದ ಮೇಲೆ ಅದನ್ನು ಚಿರನಿದ್ರೆಗೆ ಕಳುಹಿಸಿದರು. ಯಾರೂ ಹೊಡೆಯಲಿಲ್ಲ, ಯಾರೂ ಕ್ರೂರರಾಗಿರಲಿಲ್ಲ. ಆದರೂ ಆ ಓಟವಿಲ್ಲದಿದ್ದರೆ ಆ ಕುದುರೆ ಆ ದಿನ ಸಾಯುತ್ತಿರಲಿಲ್ಲ.

ಆ ಪ್ರಕಟಣೆ ಕೈಸೇರುವಾಗ ಪತ್ರಕರ್ತರ ವರದಿ ಇನ್ನೂ ಬೆಂಗಳೂರಿಗೆ ಹೋಗಿರಲಿಲ್ಲ. ಟಿಪ್ಪಣಿ ಪುಸ್ತಕದಲ್ಲಿ ಕುದುರೆಯ ಹೆಸರು, ವಯಸ್ಸು, ಗಾಯದ ವಿವರಗಳನ್ನು ಬರೆದುಕೊಂಡರು. ವರದಿಗೆ ಸೇರಿಸಲಿಲ್ಲ. ನಮ್ಮ ಊರಿನವರ ಸಾಧನೆಯ ದಿನ ಸಾವಿನ ಮಾತೇಕೆ, ಸ್ಥಳವೂ ಕಡಿಮೆ, ಅದು ಸ್ವಿಸ್ ಪತ್ರಿಕೆಗಳ ಸುದ್ದಿ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಪತ್ರಿಕೆಯವರಾರೂ ಅವರ ಕೈ ತಡೆದಿರಲಿಲ್ಲ. ಮರುದಿನ ಮಿರ್ಜಾ ಅಂತಿಮ ಸುತ್ತನ್ನು ಸೇರಿ ಇಪ್ಪತ್ತಮೂರನೆಯ ಸ್ಥಾನ ಪಡೆದರು. ವರದಿ ಸೊಗಸಾಗಿ ಬಂದಿತೆಂದು ಕಚೇರಿಯಿಂದ ಪ್ರಶಂಸೆಯೂ ಬಂದಿತು.

ಆಗಸ್ಟ್ 6ರಂದು ಮಹಿಳೆಯರ ಆಧುನಿಕ ಪೆಂಟಾಥ್ಲಾನ್ ನಡೆಯಿತು. ಅದರಲ್ಲಿ ಸವಾರರಿಗೆ ಚೀಟಿ ಎತ್ತಿ ಅಪರಿಚಿತ ಕುದುರೆಯನ್ನು ಕೊಡುವ ಪದ್ಧತಿ ಆಗ ಇತ್ತು. ಪರಿಚಯಕ್ಕೆ ಇಪ್ಪತ್ತು ನಿಮಿಷಗಳ ಅವಧಿಯಿತ್ತು. ಮುನ್ನಡೆಯಲ್ಲಿದ್ದ ಜರ್ಮನಿಯ ಸ್ಪರ್ಧಿಗೆ ಬಂದ ಸೇಂಟ್ ಬಾಯ್ ಎಂಬ ಕುದುರೆ ಜಿಗಿಯಲೊಪ್ಪಲಿಲ್ಲ. ಆಕೆ ಅಳುತ್ತಲೇ ಚಾಟಿ ಬೀಸಿದಳು. ತರಬೇತಿ ಕೊಟ್ಟಾಕೆ ಕುದುರೆಯನ್ನು ಮುಷ್ಟಿಯಿಂದ ಗುದ್ದಿದಳು, ಕೂಟದಿಂದ ಹೊರಹಾಕಲ್ಪಟ್ಟಳು. ಪ್ಯಾರಿಸ್ ಕೂಟದ ನಂತರ ಆ ಸ್ಪರ್ಧೆಯಿಂದ ಕುದುರೆ ಸವಾರಿಯನ್ನೇ ಕೈಬಿಡುವ ನಿರ್ಧಾರಕ್ಕೆ ಈ ಘಟನೆಯೇ ಪ್ರೇರಣೆಯಾಯಿತು. ಅಂದು ಪತ್ರಕರ್ತರು ಕಟುವಾದ ಲೇಖನವನ್ನೇ ಬರೆದರು. ಸೇಂಟ್ ಬಾಯ್ ಬದುಕಿತ್ತು. ಜೆಟ್ ಸೆಟ್ ಸತ್ತಿತ್ತು. ಮುಷ್ಟಿ ಎತ್ತಿದವರನ್ನು ಖಂಡಿಸಲು ಧೈರ್ಯ ಬೇಕಾಗಿಲ್ಲ. ತಾನೂ ಮೆಚ್ಚಿ ನೋಡಿದ ಆಟದಲ್ಲಿ ಬಿದ್ದ ಪ್ರಾಣಿಯ ಹೆಸರು ಬರೆಯಲು ಅದು ಬೇಕು.

ಊರಿಗೆ ಮರಳಿದ ಮೇಲೆ ಅವರು ಹಾಸನದಲ್ಲಿರುವ ವೃದ್ಧ ತಾಯಿಯನ್ನು ನೋಡಲು ಹೋದರು. ಮಗನ ಲೇಖನಗಳನ್ನೆಲ್ಲ ಕತ್ತರಿಸಿ ಟ್ರಂಕಿನಲ್ಲಿಡುವುದು ಆಕೆಯ ರೂಢಿ. ಪದಕಗಳ ಬಗ್ಗೆ ಆಕೆ ಏನೂ ಕೇಳಲಿಲ್ಲ.

“ಕುದುರೆಗಳೆಲ್ಲ ಸುಖವಾಗಿ ತಮ್ಮ ತಮ್ಮ ಊರು ಸೇರಿದವೇನಪ್ಪ?”

“ನಮ್ಮವರ ಕುದುರೆ ಚೆನ್ನಾಗಿದೆ ಅಮ್ಮ.”

“ಮಿಕ್ಕವು?”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಜೆಟ್ ಸೆಟ್‌ನ ಸಂಗತಿಯನ್ನು ಹೇಳಿದರು. ತಾಯಿ ಕನ್ನಡಕ ಹಾಕಿಕೊಂಡು, ಆಗಸ್ಟ್ 2ರ ಪುಟವನ್ನು ತೆಗೆದು, ಮೊದಲಿನಿಂದ ಕೊನೆಯವರೆಗೆ ಬೆರಳಿಟ್ಟು ಓದಿದರು.

“ಇದರಲ್ಲಿ ಇಲ್ಲವಲ್ಲ.”

“ಬರೆಯಲಿಲ್ಲ ಅಮ್ಮ.”

ಆಕೆ ಆ ಪುಟವನ್ನು ಟ್ರಂಕಿಗೆ ಹಿಂತಿರುಗಿಸಲಿಲ್ಲ. ಮಗನ ಮುಂದೆಯೇ ಇಟ್ಟು ಒಳಗೆ ಹೋದರು.